ಕಾರಿನಲ್ಲಿ ಪೆಟ್ರೋಲ್ ವಾಸನೆ ಬಂದ್ರೆ ಊದುಬತ್ತಿ ಹಚ್ಚಬೇಡಿ

ಬಹಳ ದಿನ ಆಯ್ತು ಏನೂ ಬರೆಯದೆ. ಕೆಲಸ, ರಿಲೀಸು, ಅದೂ ಇದೂ ಅಂತ ನೆಪ ಹೇಳಬಹುದು. ನಿಜ ಕಾರಣ ಸೋಮಾರಿತನ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಯಾಕಂದ್ರೆ, ಕಳೆದ ಮೂರು ತಿಂಗಳು ನಮ್ಮ ಮನೆಯವರೆಲ್ಲ ಸೇರಿ ಒಂದು ದೊಡ್ಡ ಪೆದ್ದುತನ ಮಾಡಿದ್ದೀವಿ. ಅದರಲ್ಲಿ ಇಂಜಿನಿಯರಿಂಗ್ ಓದಿದ ನನ್ನ ಪಾಲೇ ಜಾಸ್ತಿ.

ನಮ್ಮದು ಅಪ್ಪ 2011ರಲ್ಲಿ ಕೊಂಡ ಚಿಕ್ಕ ಪೆಟ್ರೋಲ್ ಕಾರು. ಈಗ ಓಡಿಸೋದು ನಾನು, ಬೈಯೋದು ಅಪ್ಪ. ಊರಿಗೆ ಹೋಗೋಣ ಅಂತ ಒಂದು ಶನಿವಾರ ಬೆಳಗ್ಗೆ ಟ್ಯಾಂಕ್ ಫುಲ್ ಮಾಡಿಸಿ ಹೊರಟೆವು. ನೆಲಮಂಗಲ ದಾಟೋ ಹೊತ್ತಿಗೇ ಹಿಂದಿನ ಸೀಟಿನಲ್ಲಿದ್ದ ಅಮ್ಮ "ಏನೋ ವಾಸನೆ ಕಣೋ" ಅಂದ್ರು. ತುಮಕೂರಿಗೆ ತಲೆನೋವು, ತಿಪಟೂರಿಗೆ ವಾಂತಿ. "ನಂಗೆ ಈ ಕಾರು ಆಗಿಬರಲ್ಲ, ರಾತ್ರಿ ಬಸ್ಸೇ ವಾಸಿ ಇತ್ತು" ಅಂತ ಅಮ್ಮನ ತೀರ್ಪು. ಅಪ್ಪನದ್ದು ಬೇರೆ: "ಕಾರು ಅಂದ್ಮೇಲೆ ಪೆಟ್ರೋಲ್ ವಾಸನೆ ಬರ್ದೆ ಮಲ್ಲಿಗೆ ವಾಸನೆ ಬರತ್ತಾ?" ಎಸಿ ಜೋರು ಮಾಡಿದೆ. ಹೊರಗಿನ ಧೂಳು ಬೇಡ ಅಂತ ಒಳಗಿನ ಗಾಳಿಯೇ ಸುತ್ತೋ ಹಾಗೆ ಗುಂಡಿ ಒತ್ತಿದ್ದೆ. ಅಂದ್ರೆ ಅದೇ ಆವಿಯನ್ನು ಅಮ್ಮನಿಗೆ ಮತ್ತೆ ಮತ್ತೆ ಕುಡಿಸ್ತಾ ಇದ್ದೆ. ಶಿವಮೊಗ್ಗ ತಲುಪೋ ಹೊತ್ತಿಗೆ ವಾಸನೆ ಮಾಯ. ಹೋಯ್ತಲ್ಲ, ಬಿಡು ಅಂತ ನಾವೂ ಬಿಟ್ಟೆವು.

ವಾಪಸ್ ಬೆಂಗಳೂರಿಗೆ ಬಂದು ಟ್ಯಾಂಕ್ ತುಂಬಿಸಿದ ಮೇಲೆ ಮತ್ತೆ ಶುರು. ನಾಲ್ಕು ದಿನ ಇರುತ್ತೆ, ಆಮೇಲೆ ಹೋಗುತ್ತೆ. ಅಮ್ಮ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಡ್ಯಾಶ್‌ಬೋರ್ಡ್ ಮೇಲಿರೋ ಪುಟ್ಟ ಗಣಪನಿಗೆ ದಿನಾ ಬೆಳಗ್ಗೆ ಒಂದು ಊದುಬತ್ತಿ. ಮೊದಲೂ ಹಚ್ಚುತ್ತಿದ್ದರು, ಹಬ್ಬ ಹರಿದಿನಕ್ಕೆ. ಈಗ ವಾಸನೆ ಮುಚ್ಚಲಿ ಅಂತ ದಿನಾ ಎರಡು. ಗಾಳಿಗೆ ಕಡ್ಡಿ ಆರುತ್ತೆ ಅಂತ ಕಿಟಕಿ ಬಾಗಿಲು ಎಲ್ಲಾ ಹಾಕಿಕೊಂಡು, ಒಳಗೆ ಕೂತು, ಬೆಂಕಿಕಡ್ಡಿ ಗೀರಿ ಹಚ್ಚುತ್ತಿದ್ದರು. ನಾನು ಪಾರ್ಕಿಂಗ್‌ನಲ್ಲಿ ನಿಂತು ಮೊಬೈಲ್ ನೋಡ್ತಾ ಇದ್ದೆ.

ಈಗ ನೆನಪಾದ್ರೆ ಕೈ ತಣ್ಣಗಾಗುತ್ತೆ.

ಹೆದರಿಸೋಕೆ ಹೇಳ್ತಿಲ್ಲ, ಲೆಕ್ಕ ಹೇಳ್ತೀನಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4 ಪರ್ಸೆಂಟ್‌ನಿಂದ 7.6 ಪರ್ಸೆಂಟ್ ಒಳಗಿದ್ದರೆ ಹೊತ್ತಿಕೊಳ್ಳುತ್ತೆ. ನಮ್ಮ ಮೂಗು ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಇದ್ದಾಗಲೇ, ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇದ್ರೂ, ಹಿಡಿಯುತ್ತೆ. ಹಾಗಾಗಿ ವಾಸನೆ ಬಂದ ಕೂಡಲೇ ಕಾರು ಧಗ್ ಅನ್ನುತ್ತೆ ಅಂತೇನಿಲ್ಲ. ಆದರೆ ಇನ್ನೂ ಎರಡು ವಿಷಯ ಇದೆ. ಒಂದು, ಈ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಮೇಲೆ ಹೋಗಿ ಚದುರಲ್ಲ, ಸೀಟಿನ ಕೆಳಗೆ, ಕಾರ್ಪೆಟ್ ಮೇಲೆ ಕೂತಿರುತ್ತೆ. ನಮ್ಮ ಮೂಗು ಇರೋ ಎತ್ತರದಲ್ಲಿ ಎಷ್ಟಿದೆ ಅನ್ನೋದು ನೆಲದ ಹತ್ತಿರದ ಕಥೆ ಹೇಳಲ್ಲ. ಇನ್ನೊಂದು, ಮೂಗು ಬೇಗ ಸೋಲುತ್ತೆ. ಹತ್ತು ನಿಮಿಷ ಒಳಗೆ ಕೂತರೆ ವಾಸನೆ "ಕಡಿಮೆ ಆಯ್ತು" ಅನ್ನಿಸುತ್ತೆ. ಕಡಿಮೆ ಆಗಿರೋದು ಮೂಗಿನ ಶಕ್ತಿ. ಊದುಬತ್ತಿಯ ಕೆಂಡಕ್ಕಿಂತ ಅದನ್ನು ಹಚ್ಚೋ ಕಡ್ಡಿಯ ಜ್ವಾಲೆ ಅಪಾಯ. ಬೆಂಕಿ ಪಕ್ಕಕ್ಕಿಡಿ, ಆ ಆವಿ ಕುಡಿಯೋದೇ ಒಳ್ಳೇದಲ್ಲ. ನಮ್ಮ ಪೆಟ್ರೋಲಿನಲ್ಲಿ 1 ಪರ್ಸೆಂಟ್‌ವರೆಗೆ ಬೆಂಜೀನ್ ಇರಬಹುದು ಅಂತ ನಿಯಮವೇ ಒಪ್ಪಿದೆ. ಬೆಂಜೀನ್ ಮನುಷ್ಯರಿಗೆ ಕ್ಯಾನ್ಸರ್ ತರೋದು ಖಚಿತ ಅಂತ ಗುರುತಿಸಿರೋ ವಸ್ತುಗಳ ಸಾಲಿನಲ್ಲಿದೆ.

ಅಪ್ಪನ ಮಾತಿಗೆ ಬರೋಣ. ಅವರದ್ದು ತಪ್ಪಲ್ಲ, ಹಳೇದು ಅಷ್ಟೇ. ಅವರು ಗಾಡಿ ಕಲಿತದ್ದು ಕಾರ್ಬ್ಯುರೇಟರ್ ಕಾಲದಲ್ಲಿ. ಆ ಗಾಡಿಗಳಲ್ಲಿ ಬಿಸಿ ಇಂಜಿನ್ ಆಫ್ ಮಾಡಿದರೆ ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಹೊರಗೆ ಬರ್ತಾ ಇತ್ತು. ವಾಸನೆ ಬರೋದು ಗಾಡಿಯ ಸ್ವಭಾವವೇ ಆಗಿತ್ತು. ಪೆಟ್ರೋಲ್ ಪಂಪು ಇಂಜಿನ್ ಪಕ್ಕದಲ್ಲಿ ಇರ್ತಿತ್ತು, ಟ್ಯಾಂಕಿನಿಂದ ಮೆಲ್ಲಗೆ ಎಳೆದುಕೊಳ್ಳುತ್ತಿತ್ತು. 2000ದ ಆಸುಪಾಸಿನಲ್ಲಿ ನಮ್ಮಲ್ಲಿ ಎಂಪಿಎಫ್‌ಐ ಬಂದ ಮೇಲೆ ಪಂಪು ಟ್ಯಾಂಕಿನ ಒಳಗೇ ಹೋಗಿ ಕೂತಿತು. ಪೆಟ್ರೋಲಿನಲ್ಲಿ ಮುಳುಗಿದ್ದರೆ ಪಂಪಿನ ಮೋಟರು ತಂಪಾಗಿರುತ್ತೆ, ಎಳೆಯೋ ಬದಲು ತಳ್ಳೋದರಿಂದ ಪೈಪಿನಲ್ಲಿ ಆವಿ ಕಟ್ಟಲ್ಲ. (ಪೆಟ್ರೋಲ್ ಒಳಗೆ ಕರೆಂಟ್ ಮೋಟರಾ ಅಂತ ನಾನೂ ಮೊದಲು ಬೆಚ್ಚಿದ್ದೆ. ಅಲ್ಲಿ ಆವಿ ಎಷ್ಟು ದಟ್ಟ ಅಂದ್ರೆ ಉರಿಯೋಕೆ ಬೇಕಾದಷ್ಟು ಗಾಳಿಯೇ ಇರಲ್ಲ.) ಪಂಪು, ಅದರ ಬುಡದಲ್ಲಿ ಜಾಲರಿ, ಪೆಟ್ರೋಲ್ ಎಷ್ಟಿದೆ ಅಂತ ತೋರಿಸೋ ತೇಲು, ಪ್ರೆಷರ್ ರೆಗ್ಯುಲೇಟರ್, ಎಲ್ಲಾ ಸೇರಿ ಒಂದು ಪ್ಲಾಸ್ಟಿಕ್ ಗೋಪುರ. ಅದರ ತಲೆಯ ಮೇಲೆ ಒಂದು ಮುಚ್ಚಳ. ಆ ಮುಚ್ಚಳ ಟ್ಯಾಂಕಿನ ಬಾಯಿಗೆ ಕೂರೋ ಕಡೆ ಒಂದು ರಬ್ಬರ್ ರಿಂಗು, ಮೇಲಿಂದ ಬಿಗಿಯೋಕೆ ಒಂದು ಲಾಕ್ ರಿಂಗು. ಬಹಳ ಕಾರುಗಳಲ್ಲಿ ಇದು ಇರೋದು ಹಿಂದಿನ ಸೀಟಿನ ಕೆಳಗೆ. ಅಂದ್ರೆ ಅಮ್ಮ ಕೂತಿದ್ದ ಜಾಗದ ನೇರ ಕೆಳಗೆ.

ಇಂಥ ಕಾರಿನಲ್ಲಿ ವಾಸನೆ ಬಂತು ಅಂದ್ರೆ ಅದು ಸ್ವಭಾವ ಅಲ್ಲ, ಸೋರಿಕೆ. ನಾನು ಒಪ್ಪಿಸಬೇಕಾಗಿದ್ದ ಮಾತು ಇದೊಂದೇ, ಮೂರು ತಿಂಗಳು ಯಾರೂ ಒಪ್ಪಲಿಲ್ಲ.

ಮೊದಲು ಹೋಗಿದ್ದು ಸರ್ವಿಸ್ ಸೆಂಟರಿಗೆ. ಸ್ಕ್ಯಾನರ್ ಚುಚ್ಚಿ ನೋಡಿದರು. "ಒಂದೂ ಎರರ್ ಕೋಡ್ ಇಲ್ಲ ಸಾರ್, ಗಾಡಿ ಪರ್ಫೆಕ್ಟ್." ನಾನು ಹೊಟ್ಟೆಪಾಡಿಗೆ ಮಾಡೋದೂ ಇದೇ ಕೆಲಸ. ಲಾಗ್‌ನಲ್ಲಿ ಎರರ್ ಇಲ್ಲ, ಆದ್ದರಿಂದ ಬಗ್ ಇಲ್ಲ ಅಂತ ನಮ್ಮ ಆಫೀಸಿನಲ್ಲಿ ಹೇಳಿದರೆ ಮ್ಯಾನೇಜರ್ ನಗ್ತಾನೆ. ಲಾಗ್ ಬರೆಯೋ ಕೋಡ್ ಆ ಜಾಗದಲ್ಲಿ ಇದ್ದರೆ ತಾನೆ ಲಾಗ್ ಬರೋದು? ಅಮೆರಿಕದಲ್ಲಿ 1996ರಿಂದ ಕಾರುಗಳಿಗೆ ಒಬಿಡಿ-2 ಕಡ್ಡಾಯ. ಅಲ್ಲಿನ ಕಾರುಗಳು ಟ್ಯಾಂಕಿನ ಆವಿ ಎಲ್ಲಾದರೂ ಸೋರ್ತಿದೆಯಾ ಅಂತ ತಾವೇ ಪರೀಕ್ಷೆ ಮಾಡಿಕೊಳ್ಳುತ್ತವೆ, ಅರ್ಧ ಮಿಲಿಮೀಟರ್ ತೂತು ಇದ್ದರೂ ದೀಪ ಹತ್ತುತ್ತೆ. ನನ್ನ ಕಾರಿನಲ್ಲಿ ಅಂಥ ಪರೀಕ್ಷೆಯೇ ಇಲ್ಲ. ಇಲ್ಲದ ಪರೀಕ್ಷೆಯಲ್ಲಿ ಅದು ಹೇಗೆ ಫೇಲ್ ಆಗುತ್ತೆ? ಆದರೂ ಎಸಿ ಕ್ಲೀನ್ ಮಾಡಿ ಬಿಲ್ ಕೊಟ್ಟರು, ನಿಂಬೆಹಣ್ಣಿನ ವಾಸನೆಯ ಒಂದು ಪರ್ಫ್ಯೂಮ್ ಡಬ್ಬಿ ಫ್ರೀ ಕೊಟ್ಟರು. ಅಮ್ಮನ ಊದುಬತ್ತಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ :)

ಎರಡನೇ ಸಲ ಹೋದಾಗ ಗಲಾಟೆ ಮಾಡಿದೆ. ಸೀಟು ಎತ್ತಿ ನೋಡದೆಯೇ "ಫ್ಯೂಯೆಲ್ ಪಂಪ್ ಅಸೆಂಬ್ಲಿ ಚೇಂಜ್ ಮಾಡ್ಬೇಕು" ಅಂತ ಎಸ್ಟಿಮೇಟ್ ಬಂತು, ಹದಿನಾಲ್ಕು ಸಾವಿರ ಚಿಲ್ಲರೆ. ಪಂಪು ಚೆನ್ನಾಗೇ ಓಡ್ತಿದೆಯಲ್ಲ, ಬರೀ ರಿಂಗ್ ಹಾಕಿ ಅಂದೆ. "ರಿಂಗ್ ಬಿಡಿಯಾಗಿ ಬರಲ್ಲ ಸಾರ್, ಅಸೆಂಬ್ಲಿ ಜೊತೆನೇ ಬರೋದು."

ಸಿಟ್ಟು ಬಂದು ರಸ್ತೆ ಪಕ್ಕದ ಒಂದು ಗ್ಯಾರೇಜಿಗೆ ಹೋದೆ. ಆತ ಪುಣ್ಯಾತ್ಮ ಸೀಟು ಎತ್ತಿದ, ಮುಚ್ಚಳ ಒದ್ದೆ ಇರೋದು ತೋರಿಸಿದ, ಸುತ್ತಲೂ ಸಿಲಿಕಾನ್ ಪೇಸ್ಟ್ ಬಳಿದು ಮುನ್ನೂರು ರೂಪಾಯಿ ತಗೊಂಡ. ಎರಡು ವಾರ ಸ್ವರ್ಗ. ಮೂರನೇ ವಾರ ಮತ್ತೆ ಅದೇ. ಮಾಮೂಲಿ ಸಿಲಿಕಾನ್ ಪೆಟ್ರೋಲಿಗೆ ತಡೆಯಲ್ಲ, ಉಬ್ಬಿ ಮೆತ್ತಗಾಗಿ ಜಿಲೇಬಿ ಪಾಕದ ಹಾಗೆ ಆಗಿತ್ತು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಕಂಪನಿ ಸರ್ವಿಸ್‌ನವರೆಲ್ಲ ಕಳ್ಳರು, ಗಲ್ಲಿ ಮೆಕ್ಯಾನಿಕ್‌ಗಳೆಲ್ಲ ದೇವರು ಅನ್ನೋ ಲೇಖನ ಇದಲ್ಲ. ಒಬ್ಬರು ನೋಡದೆ ಬದಲಾಯಿಸೋಕೆ ಹೊರಟರು, ಇನ್ನೊಬ್ಬರು ನೋಡಿಯೂ ತೇಪೆ ಹಾಕಿದರು.

ಮೂರನೆಯವರು ಆಫೀಸಿನ ಗೆಳೆಯ ಹೇಳಿದ ಮೆಕ್ಯಾನಿಕ್. ಎಲ್ಲರೂ ಭಾಯ್ ಅಂತಾರೆ, ನಾನೂ ಹಾಗೇ ಅಂದೆ. ಅವರು ಬೋನೆಟ್ ಎತ್ತಲಿಲ್ಲ, ಸ್ಕ್ಯಾನರ್ ತೆಗೆಯಲಿಲ್ಲ. ಒಂದೇ ಪ್ರಶ್ನೆ: "ಸಾರ್, ವಾಸನೆ ಯಾವಾಗ್ಲೂ ಬರತ್ತಾ, ಫುಲ್ ಟ್ಯಾಂಕ್ ಇದ್ದಾಗ ಮಾತ್ರನಾ?"

ಐದು ಪೈಸೆ ಖರ್ಚಿಲ್ಲದ ಈ ಪ್ರಶ್ನೆಯನ್ನ ಅದುವರೆಗೆ ಯಾರೂ ಕೇಳಿರಲಿಲ್ಲ. ಯೋಚನೆ ಮಾಡಿ, ಅರ್ಧ ಉತ್ತರ ಅದರಲ್ಲೇ ಇದೆ. ಯಾವಾಗಲೂ ಬಂದರೆ, ಅದರಲ್ಲೂ ಬೋನೆಟ್ ಹತ್ತಿರ ಬಂದರೆ, ಇಂಜೆಕ್ಟರ್ ಕಡೆಯ ರಿಂಗೋ ಪೈಪೋ. ಅಲ್ಲಿ ಮೂರು ಬಾರ್ ಆಸುಪಾಸಿನ ಒತ್ತಡ ಇರುತ್ತೆ, ಟ್ಯಾಂಕ್ ತುಂಬಿದೆಯೋ ಖಾಲಿಯೋ ಅನ್ನೋ ಲೆಕ್ಕ ಇಲ್ಲ. ಟ್ಯಾಂಕ್ ತುಂಬಿದಾಗ ಮಾತ್ರ ಬಂದರೆ ಸೋರಿಕೆ ಟ್ಯಾಂಕಿನ ನೆತ್ತಿಯಲ್ಲಿದೆ: ಪಂಪಿನ ಮುಚ್ಚಳದ ರಿಂಗು, ಇಲ್ಲಾ ಪೆಟ್ರೋಲ್ ತುಂಬೋ ಕೊಳವೆಯ ರಬ್ಬರು, ಇಲ್ಲಾ ಆವಿ ಹೋಗೋ ಸಣ್ಣ ಪೈಪು. ಗಾಡಿ ತಿರುವಿನಲ್ಲಿ ವಾಲಿದಾಗ ಪೆಟ್ರೋಲ್ ಕುಲುಕಿ ಅಲ್ಲಿವರೆಗೆ ಬರುತ್ತೆ. ಮಟ್ಟ ಇಳಿದ ಮೇಲೆ ಬರಲ್ಲ. ಶಿವಮೊಗ್ಗದಲ್ಲಿ ವಾಸನೆ ಮಾಯ ಆಗಿದ್ದಕ್ಕೆ ಮಲೆನಾಡಿನ ಶುದ್ಧ ಗಾಳಿ ಕಾರಣ ಅಂದುಕೊಂಡಿದ್ದೆ ನಾನು!

"ಕಾಲು ಟ್ಯಾಂಕಿಗೆ ಇಳಿಸ್ಕೊಂಡು ಬೆಳಗ್ಗೆ ಬನ್ನಿ, ಇಂಜಿನ್ ಬಿಸಿ ಇರೋದು ಬೇಡ" ಅಂದರು. ಅಷ್ಟರಲ್ಲಿ ನಾನು ವಿಡಿಯೋ ನೋಡಿ, ಇದೇನು ಮಹಾ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಾನೇ ಮಾಡ್ತೀನಿ ಅಂತ ಸ್ಪ್ಯಾನರ್ ಸೆಟ್ ಬೇರೆ ತರಿಸಿದ್ದೆ. ಹೇಳಿದೆ. ಭಾಯ್ ನನ್ನ ಮುಖ ನೋಡಿದ ರೀತಿ ಹೇಳಬಾರದು. "ಕೆಳಗೆ ಗಾಳಿ ಆಡಲ್ಲ ಸಾರ್. ಆವಿ ಅಲ್ಲೇ ತುಂಬ್ಕೊಳತ್ತೆ. ಯಾರೋ ಸ್ಕೂಟರ್ ಸ್ಟಾರ್ಟ್ ಮಾಡ್ತಾರೆ." ಅಷ್ಟೇ ಹೇಳಿದ್ದು.

ಅವರು ಮಾಡಿದ್ದನ್ನ ಪಕ್ಕದಲ್ಲಿ ನಿಂತು ನೋಡಿದೆ (ಮೊಬೈಲ್ ಕಾರಿನಿಂದ ದೂರ ಇಡಿಸಿದರು). ಕಾರು ಬಯಲಲ್ಲಿ, ನಾಲ್ಕೂ ಬಾಗಿಲು ತೆರೆದು. ಮೊದಲು ಪಂಪಿನ ಫ್ಯೂಸ್ ಕಿತ್ತು ಇಂಜಿನ್ ಸ್ಟಾರ್ಟ್ ಮಾಡಿದರು. ಪೈಪಿನಲ್ಲಿದ್ದ ಒತ್ತಡ ಮುಗಿದು ಅದೇ ನಿಂತಿತು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಸೀಟು ಎತ್ತಿ, ತಗಡಿನ ಮುಚ್ಚಳ ತೆಗೆದು, ಸುತ್ತ ಇದ್ದ ವರ್ಷಗಟ್ಟಲೆಯ ಮಣ್ಣನ್ನ ಬ್ರಷ್‌ನಲ್ಲಿ ಹತ್ತು ನಿಮಿಷ ಗುಡಿಸಿದರು, ಒದ್ದೆ ಬಟ್ಟೆಯಲ್ಲಿ ಒರೆಸಿದರು. ನನಗೆ ಬೇಜಾರು ಬಂತು. ಬಾಯಿ ತೆಗೆದ ಮೇಲೆ ಆ ಮಣ್ಣು ಟ್ಯಾಂಕಿಗೆ ಬಿದ್ದರೆ ಹೊಸ ಜಾಲರಿಯೂ ನಾಲ್ಕು ತಿಂಗಳಲ್ಲಿ ಕಟ್ಟುತ್ತೆ ಅಂತ ಆಮೇಲೆ ಗೊತ್ತಾಯ್ತು. ಲಾಕ್ ರಿಂಗ್ ತಿರುಗಿಸೋಕೆ ಕಬ್ಬಿಣದ ಸ್ಕ್ರೂಡ್ರೈವರ್, ಸುತ್ತಿಗೆ ಅಲ್ಲ. ಹಿತ್ತಾಳೆಯ ಒಂದು ಸರಳು, ಮರದ ಕೊಡತಿ. ಕಿಡಿ ಹಾರಬಾರದಲ್ಲ. ಗೋಪುರವನ್ನ ಮೇಲೆತ್ತುವಾಗ ತೇಲಿನ ಕಡ್ಡಿ ಬಾಯಿಗೆ ತಾಗಿ ಬಗ್ಗದ ಹಾಗೆ ಓರೆ ಮಾಡಿ, ಮಗುವನ್ನ ತೊಟ್ಟಿಲಿನಿಂದ ಎತ್ತೋ ಹಾಗೆ ಎತ್ತಿದರು. ಆ ಕಡ್ಡಿ ಬಗ್ಗಿದರೆ ಗೇಜು ಸುಳ್ಳು ಹೇಳೋಕೆ ಶುರು ಮಾಡುತ್ತೆ.

ರಿಂಗ್ ತೆಗೆದು ನನ್ನ ಕೈಗೆ ಕೊಟ್ಟರು. ದುಂಡಗಿರಬೇಕಾದ ರಬ್ಬರು ಪಟ್ಟಿಯಂತೆ ಚಪ್ಪಟೆಯಾಗಿ, ಗಟ್ಟಿಯಾಗಿ, ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು. ಎಲ್ಲೋ ನೋಡಿದ್ದೀನಲ್ಲ ಅನ್ನಿಸ್ತು. ಮನೆಗೆ ತಂದು ತೋರಿಸಿದಾಗ ಅಮ್ಮ ಒಂದೇ ಏಟಿಗೆ ಹೇಳಿದರು: "ಇದು ಕುಕ್ಕರ್ ಗ್ಯಾಸ್ಕೆಟ್ ಥರಾನೇ ಇದ್ಯಲ್ಲೋ. ಇದಕ್ಕೆ ಹದಿನಾಲ್ಕು ಸಾವಿರನಾ? ಗ್ಯಾಸ್ಕೆಟ್ ಹೋಯ್ತು ಅಂತ ಯಾರಾದ್ರೂ ಕುಕ್ಕರ್ ಎಸೀತಾರಾ?"

ನಾಲ್ಕು ಪ್ಯಾರಾದಲ್ಲಿ ನಾನು ಹೇಳೋಕೆ ಒದ್ದಾಡ್ತಿರೋದು ಇದನ್ನೇ. ಕುಕ್ಕರ್ ಗ್ಯಾಸ್ಕೆಟ್ ಯಾವ ಪಾತ್ರೆ ಅಂಗಡಿಯಲ್ಲಿ ಕೇಳಿದರೂ ಸಿಗುತ್ತೆ. ಕಾರಿನ ಈ ರಿಂಗ್‌ಗಾಗಿ ಭಾಯ್ ಜೊತೆ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದೆ. ಆರು ಅಂಗಡಿಯಲ್ಲಿ "ಅಸೆಂಬ್ಲಿ ಇದೆ, ಕೊಡ್ಲಾ?" ಏಳನೆಯದರಲ್ಲಿ ಸಿಕ್ಕಿತು, ನಾನೂರ ಐವತ್ತು ರೂಪಾಯಿ. ಹಳೇ ರಿಂಗನ್ನೇ ಒರೆಸಿ ಮತ್ತೆ ಹಾಕೋಕಾಗಲ್ವಾ ಅಂತ ನನ್ನ ಜಿಪುಣತನದಲ್ಲಿ ಕೇಳಿದ್ದೆ. ಒಮ್ಮೆ ಪೆಟ್ರೋಲ್ ಕುಡಿದು ಆಕಾರ ಕೆಟ್ಟ ರಬ್ಬರು ತೋಡಿನಲ್ಲಿ ಸರಿಯಾಗಿ ಕೂರಲ್ಲ, ತೆಗೆದರೆ ಹೊಸದೇ. ಜಾಲರಿ ಕಪ್ಪಗಾಗಿತ್ತು, ಅದನ್ನೂ ಬದಲಾಯಿಸಿದೆವು. ಮುಚ್ಚಳದ ಪ್ಲಾಸ್ಟಿಕ್‌ನಲ್ಲಿ, ಪೈಪ್ ಸಿಕ್ಕಿಸೋ ಮೂತಿಯ ಬುಡದಲ್ಲಿ, ಬಿರುಕು ಇದೆಯಾ ಅಂತ ಭಾಯ್ ಉಗುರಿನಲ್ಲಿ ಸವರಿ ಸವರಿ ನೋಡಿದರು. ಇದ್ದಿದ್ದರೆ ಆಗ ಅಸೆಂಬ್ಲಿಯೇ ಸರಿ, ಅಂಟು ಹಾಕಿ ಆಟ ಆಡಬಾರದು ಅಂದರು. ಇದನ್ನು ನಾನೂ ಒಪ್ತೀನಿ. ನೋಡಿ ಆಮೇಲೆ ಹದಿನಾಲ್ಕು ಸಾವಿರ ಕೇಳಿ, ಕೊಡ್ತೀನಿ.

ಈಗ ಸ್ವಲ್ಪ ಜಗಳದ ವಿಷಯ. ಇ20. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಪ್ರಧಾನಿ ಉದ್ಘಾಟನೆ ಮಾಡಿದ್ದು, 20 ಪರ್ಸೆಂಟ್ ಎಥನಾಲ್ ಸೇರಿಸಿದ ಪೆಟ್ರೋಲ್. ಅದೇ ವರ್ಷದ ಏಪ್ರಿಲ್ ನಂತರ ತಯಾರಾದ ಕಾರುಗಳ ರಬ್ಬರು, ಪ್ಲಾಸ್ಟಿಕ್ಕು ಅದಕ್ಕೆ ಹೊಂದುವಂಥದ್ದು. ಹಳೇ ಕಾರುಗಳದ್ದು ಏನು? 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು, ಕೆಲವು ಹಳೇ ವಾಹನಗಳಲ್ಲಿ 20 ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಅದು ಅಗ್ಗ, ಮಾಮೂಲಿ ಸರ್ವಿಸ್‌ನಲ್ಲೇ ಆಗಿಹೋಗುತ್ತೆ ಅಂತ. ನನ್ನ ರಿಂಗನ್ನ ಕೊಂದದ್ದು ಎಥನಾಲ್ ಅಂತ ನಾನು ಹೇಳಲ್ಲ. ಅಷ್ಟು ಹಳೇ ರಬ್ಬರಿಗೆ ವಯಸ್ಸೇ ಸಾಕು. ಎಥನಾಲ್ ಪರ, ವಿರೋಧದ ಯುದ್ಧದಲ್ಲೂ ನನಗೆ ಆಸಕ್ತಿ ಇಲ್ಲ. ನನ್ನ ತಕರಾರು ಆ "ಅಗ್ಗ, ಮಾಮೂಲಿ ಸರ್ವಿಸ್" ಅನ್ನೋ ಎರಡು ಪದಗಳ ಮೇಲೆ. ಮಾಮೂಲಿ ಸರ್ವಿಸ್ ಪಟ್ಟಿಯಲ್ಲಿ ಸೀಟು ಎತ್ತಿ ನೋಡೋ ಸಾಲೇ ಇಲ್ಲ. ರಿಂಗು ಬಿಡಿಯಾಗಿ ಸಿಗಲ್ಲ. ನಾನೂರ ಐವತ್ತು ಅಗ್ಗ ಸ್ವಾಮಿ, ಹದಿನಾಲ್ಕು ಸಾವಿರ ಅಗ್ಗ ಅಲ್ಲ. ಬದಲಾಯಿಸಿ ಅಂತ ಹೇಳೋರು ಅದನ್ನ ಬಿಡಿಭಾಗವಾಗಿ ಮಾರಲೇಬೇಕು ಅಂತಲೂ ಹೇಳಬೇಕಿತ್ತು. ಎಥನಾಲಿಗೆ ಜಗ್ಗದ ಒಳ್ಳೆ ರಬ್ಬರು ಇಲ್ಲ ಅಂತೇನಲ್ಲ. ವಿಟಾನ್ ಅಂತ ಕೇಳಿದರೆ ಅಂಗಡಿಯವರಿಗೇ ಗೊತ್ತು.

ಇನ್ನು ನಮ್ಮದೇ ಒಂದು ಕೆಟ್ಟ ಚಾಳಿ ಇದೆ. ಬಂಕಿನಲ್ಲಿ ಟಕ್ ಅಂತ ನಳಿಕೆ ತಾನೇ ನಿಂತ ಮೇಲೂ "ಸಾರ್, ರೌಂಡ್ ಫಿಗರ್ ಮಾಡ್ಲಾ?" ಅಂತ ಕೇಳ್ತಾರೆ, ನಾವು ಹೂಂ ಅಂತೀವಿ. 1,937 ರೂಪಾಯಿ ನೋಡೋಕೆ ಚೆನ್ನಾಗಿಲ್ಲ, 2,000 ಚೆನ್ನ. ಟ್ಯಾಂಕಿನಲ್ಲಿ ಮೇಲೆ ಖಾಲಿ ಜಾಗ ಬಿಟ್ಟಿರೋದು ಸುಮ್ಮನೆ ಅಲ್ಲ. 40 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು ಮುಕ್ಕಾಲು ಲೀಟರ್ ಹಿಗ್ಗುತ್ತೆ. ಜಾಗ ಇಲ್ಲದಿದ್ದರೆ ಅದು ಆವಿಯ ಪೈಪ್ ಹಿಡಿದು ಇದ್ದಿಲು ತುಂಬಿದ ಡಬ್ಬಿಗೆ ನುಗ್ಗುತ್ತೆ. ಆವಿಯನ್ನ ಹಿಡಿಯೋಕೆ ಇಟ್ಟ ಡಬ್ಬಿ ಅದು, ಪೆಟ್ರೋಲನ್ನಲ್ಲ. ನಮ್ಮ ಬಂಕಿನ ಹುಡುಗನಿಗೆ ಈಗ ನನ್ನ ಕಾರು ಗೊತ್ತು. ಟಕ್ ಅಂದ ಕೂಡಲೇ ನಳಿಕೆ ತೆಗೆದು, ಮೊಬೈಲ್ ಪೇಮೆಂಟ್ ಯುಗದಲ್ಲಿ ರೌಂಡ್ ಫಿಗರ್ ಯಾಕೆ ಅಂತ ನನ್ನ ಡೈಲಾಗನ್ನೇ ನನಗೆ ಹೇಳ್ತಾನೆ.

ಜೋಡಿಸಿದ ಮೇಲೆ ಭಾಯ್ ಕೀ ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ, ಮೂರ್ನಾಲ್ಕು ಸಲ ಪಂಪು ಗುಂಯ್ ಅನ್ನೋದು ಕೇಳಿದರು. ಪೈಪಿನ ಸುತ್ತ ಒಣ ಬಟ್ಟೆ ಸುತ್ತಿ ಒದ್ದೆ ಆಗುತ್ತಾ ನೋಡಿದರು. ಸೀಟು ಹಾಕಲಿಲ್ಲ. "ಫುಲ್ ಟ್ಯಾಂಕ್ ಮಾಡಿಸ್ಕೊಂಡು ಒಂದು ರೌಂಡ್ ಹೋಗಿ ಬನ್ನಿ, ಆಮೇಲೆ ಹಾಕ್ತೀನಿ." ಹೋಗಿ ಬಂದೆ, ಬೇಕಂತಲೇ ತಿರುವುಗಳಲ್ಲಿ ಹೊಯ್ದಾಡಿಸಿ. ಒಣಗಿತ್ತು. ಕೂಲಿ ಎಂಟುನೂರು ಕೇಳಿದರು, ಸಾವಿರ ಕೊಟ್ಟೆ.

ಹೋದ ವಾರ ಮತ್ತೆ ಊರಿಗೆ ಹೋಗಿದ್ದೆವು, ಫುಲ್ ಟ್ಯಾಂಕ್. ಅಮ್ಮ ತಿಪಟೂರಿನಲ್ಲಿ ವಾಂತಿ ಮಾಡೋ ಬದಲು ಎರಡು ಇಡ್ಲಿ ತಿಂದರು. ಅಪ್ಪ ಮಾತ್ರ ಇನ್ನೂ "ಆಗ್ಲೂ ಅಂಥ ವಾಸನೆ ಏನಿರ್ಲಿಲ್ಲ" ಅಂತಿದ್ದಾರೆ.

ಅಂದ ಹಾಗೆ, ಭಾಯ್ ಹತ್ತಿರ ಇದೇ ತೊಂದರೆಯ ಇನ್ನೆರಡು ಹಳೇ ಕಾರು ಬಂದು ನಿಂತಿವೆ, ರಿಂಗು ಸಿಗ್ತಿಲ್ಲ. ನಿಮ್ಮೂರಲ್ಲಿ, ಹುಬ್ಬಳ್ಳಿಯೋ ಮೈಸೂರೋ ಮಂಗಳೂರೋ, ಬಿಡಿಯಾಗಿ ಮಾರೋ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.